ಶೆಡ್ಡಿನ ಒಳಪದರ

ಅಲ್ಲ ಮೇಸ್ತ್ರಿ, ಆ ಬೆಳ್ಳಿ ಕಾಗದದಂಥ ಹಾಳೆ ಬೇಡ ಅಂದ್ನಲ್ಲ! ಬಿಸಿಲು ತಡೆಯುತ್ತೆ, ಅಗ್ಗ, ಅರ್ಧ ದಿನದ ಕೆಲಸ… ಎಲ್ಲ ಒಪ್ಪಿದೆ. ಸದ್ದು? ಸದ್ದು ತಡೆಯುತ್ತಾ? ಇಲ್ಲ ತಾನೆ? ಹಾಗಾದ್ರೆ ಸದ್ದು ಹೀರೋ ಈ ಹತ್ತಿಯಂಥ ರಾಕ್ ವುಲ್ಲೇ ತುಂಬಿ. ಸೂರಿಗೂ, ನಾಲ್ಕೂ ಗೋಡೆಗೂ. ದಪ್ಪದ್ದೇ ಇರಲಿ.

ಯಾಕೆ ನಗ್ತೀರಿ? ಹಳೆ ಸಾಮಾನು ಇಡೋ ಶೆಡ್ಡಿಗೆ ಇಷ್ಟೆಲ್ಲ ಯಾಕೆ ಅಂತ್ಲಾ? ಮಳೆ, ಸ್ವಾಮಿ! ತಗಡಿನ ಮೇಲೆ ಮಳೆ ಸುರಿದ್ರೆ ಕಿವಿ ತೂತಾಗುತ್ತೆ… ಹೌದಪ್ಪಾ, ಸಾಮಾನಿಗೆ ಕಿವಿ ಇಲ್ಲ. ಒಳ್ಳೇ ತಮಾಷೆ.

ಈ ಶೆಡ್ಡು ಕಟ್ಟಿದ್ದು ನಮ್ಮಣ್ಣ, ಮರೆತಿಲ್ಲ ತಾನೆ? ಒಂದೊಂದು ತಗಡೂ ಅವನೇ ಬಗ್ಗಿಸಿ ಕೂರಿಸಿದ್ದು. ನಿಮಗೂ ಕೆಲಸ ಕಲಿಸಿದ್ದು ಅವನೇ… ಇದ್ದಾನೆ, ಇದ್ದಾನೆ. ಮನೇಲೇ. ಲಕ್ವಾ ಹೊಡೆದ ಮೇಲೆ ಬುದ್ಧಿ ಸ್ವಾಧೀನದಲ್ಲಿಲ್ಲ, ಅಷ್ಟೆ. ಬಿಡಿ, ಅಳತೆ ಹಿಡೀರಿ.

ಪದರದ ಮೇಲೆ ಒಳಗಡೆಯಿಂದ ಇನ್ನೊಂದು ತಗಡು ಹೊಡೀಬೇಕು. ಗಟ್ಟಿಯಾಗಿ. ಉಗುರಲ್ಲಿ ಕಿತ್ತುಬಿಟ್ರೆ… ಇಲಿ! ಇಲಿ ಕಿತ್ರೆ ಅಂದೆ. ಇಲಿಗೂ ಉಗುರಿರುತ್ತಲ್ರೀ!

ಗಾಳಿಕಿಂಡಿನಾ? ಬೇಡ. ಕಿಂಡಿ ಬಿಟ್ರೆ ಅಲ್ಲಿಂದಲೇ ಸದ್ದು ಹೊರಗೆ ಹೋಗುತ್ತೆ ಅಂತ ಈಗ ತಾನೆ ನೀವೇ… ಸರಿ, ಸರಿ. ಮೇಲ್ಗಡೆ ಒಂದಿರಲಿ. ಕೈಗೆ ಎಟುಕಬಾರದು.

ಏನು ನೋಡ್ತಿದ್ದೀರಿ? ಮಂಚಾನಾ? ಅದು… ಹಳೇದು. ಹಾಸಿಗೆ ಹೊಸದು, ಹೌದು. ಚಿಲಕ ಹೊರಗಡೆ ಇದ್ರೆ ಏನಂತೆ? ಸಾಮಾನಿನ ಕೋಣೆಗೆ ಚಿಲಕ ಹೊರಗಡೆ ತಾನೆ ಇರೋದು!

ಟೇಪು ಯಾಕೆ ಸುತ್ತಿಬಿಟ್ರಿ? ಮೇಸ್ತ್ರಿ? ಬೈಯೋದಾದ್ರೆ ಬೈದುಬಿಡಿ… ಹೀಗೆ ಚೀಲ ಹೆಗಲಿಗೇರಿಸಬೇಡಿ.

ಹ್ಞಾಂ… ಕೇಳಿಸ್ತಲ್ಲ? ಅವನೇ. ಗುರುತು ಹತ್ತಿತಲ್ಲ ಅಣ್ಣನ ದನಿ?

ಅಕ್ಕಪಕ್ಕದವರು ಬಂದು ಬಾಗಿಲು ಬಡೀತಾರೆ. ಮಕ್ಕಳು ಕಿವಿ ಮುಚ್ಚಿಕೊಂಡು ಓದ್ತವೆ. ಅದೆಲ್ಲ ತಡ್ಕೊಂಡೆ ಕಣ್ರೀ. ನೋವು ಅಂತ ಕೂಗಿದ್ರೂ ತಡ್ಕೋತಿದ್ದೆ, ಬೈದ್ರೂ ತಡ್ಕೋತಿದ್ದೆ… ಅವನು ಕೂಗೋದು ನನ್ನ ಹೆಸರು, ಮೇಸ್ತ್ರಿ. ಬೆಳಗಿಂದ ಸಂಜೆವರೆಗೂ ನನ್ನ ಹೆಸರು! ಬಂದೆ ಅಣ್ಣಾ, ಬಂದೆ ಅಂತ ಓಡ್ತೀನಿ. ಎದುರಿಗೆ ಹೋಗಿ ನಿಲ್ತೀನಿ.

ನೀನ್ಯಾರಪ್ಪಾ, ಅಂತಾನೆ. ಅವನನ್ನ ಕರೀ, ಅಂತಾನೆ.