ಒರೆಸದ ಬಾಯಿ

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ನಿರ್ದೇಶಕರೇ, ಇಷ್ಟು ವರ್ಷ ನನ್ನ ಬೈಗುಳ ಸಹಿಸಿಕೊಂಡ ದಾದಿಯರೇ, ಸ್ಫ್ಯಾಕ್ಸ್ ನಗರದ ಸಭಿಕರೇ,

ನಿವೃತ್ತಿಯ ದಿನ ನನ್ನನ್ನು ಸನ್ಮಾನಿಸಿದ್ದೀರಿ. ವೆಂಟಿಲೇಟರ್ ಮೇಲಿರುವ ರೋಗಿಗಳಿಗೆ ನ್ಯುಮೋನಿಯಾ ತಗಲದಂತೆ ಕಾದವಳು ಈ ಸುಆದ್ ಎಂದು ಹೊಗಳಿದಿರಿ. ರೋಗಿಯ ಹಾಸಿಗೆಯ ಎತ್ತರಿಸಿಟ್ಟ ತಲೆಭಾಗ ನಾಲ್ಕು ಬೆರಳು ತಗ್ಗಿದರೂ ಕೂಗಾಡುತ್ತಾಳೆ ಎಂದಾಗ ಎಲ್ಲರೂ ನಕ್ಕಿರಿ. ನಿಜ, ಕೂಗಾಡುತ್ತೇನೆ. ಏಕೆಂದು ಯಾರಾದರೂ ಕೇಳಿದ್ದೀರಾ?

ಹತ್ತೊಂಬತ್ತು ವರ್ಷಗಳ ಹಿಂದೆ ಹೆಶ್ಮಿ ಎಂಬವರು ಆಲಿವ್ ಕೀಳುವಾಗ ಏಣಿಯಿಂದ ಬಿದ್ದು, ಪಕ್ಕೆಲುಬು ಮುರಿದುಕೊಂಡು ನಮ್ಮ ತೀವ್ರ ನಿಗಾ ಘಟಕಕ್ಕೆ ಬಂದರು. ಉಸಿರಾಟಕ್ಕೆ ಗಂಟಲಿನೊಳಗೆ ಕೊಳವೆ ಹಾಕಿದ್ದೆವು. ಬಾಯಿಯ ಕೊಳೆ ಕೊಳವೆಯ ಪಕ್ಕದಿಂದ ಶ್ವಾಸಕೋಶಕ್ಕೆ ಇಳಿಯಬಾರದೆಂದು ದಿನಕ್ಕೆ ಹಲವು ಬಾರಿ ಬಾಯಿ ಒರೆಸಬೇಕು. ನನಗೆ ಆರು ಹಾಸಿಗೆ, ಎರಡು ಕೈ. ಒರೆಸದೆಯೇ, ಹಾಸಿಗೆಯ ಬಳಿ ತೂಗುವ ಪಟ್ಟಿಯಲ್ಲಿ ‘ಮಾಡಿದೆ’ ಎಂದು ಗುರುತು ಹಾಕಿದೆ. ಒಂದು ದಿನವಲ್ಲ, ನಾಲ್ಕು ದಿನ.

ಅವರ ಹೆಂಡತಿ ಮಬ್ರೂಕಾ ಭೇಟಿಯ ಹೊತ್ತಿನಲ್ಲಿ ಬಗ್ಗಿ ಮೂಸಿದರು. “ಮಗಳೇ, ಇವ್ರ ಬಾಯಿ ನಾರ್ತಿದೆ. ತೊಳೆದ್ಯಾ?”

“ಪಟ್ಟಿ ನೋಡಮ್ಮಾ, ಬರೆದಿದೆ. ಇಲ್ಲಿ ನರ್ಸ್ ನೀನಾ, ನಾನಾ?”

ಆಕೆಗೆ ಓದು ಬಾರದು. ಅದು ನನಗೆ ಗೊತ್ತಿತ್ತು.

ಐದನೆಯ ದಿನ ಜ್ವರ, ಕೀವಿನಂಥ ಕಫ, ನ್ಯುಮೋನಿಯಾ. ಹನ್ನೊಂದನೆಯ ದಿನ ಹೆಶ್ಮಿ ತೀರಿಕೊಂಡರು. ನಲವತ್ತನೆಯ ದಿನದ ಕಾರ್ಯ ಮುಗಿಸಿ ಮಬ್ರೂಕಾ ನಮಗೆಲ್ಲ ಗೋಧಿ ರವೆಯ ಕೂಸ್‌ಕೂಸ್ ಮಾಡಿ ತಂದರು. “ನೀವೂ ತುಂಬ ಕಷ್ಟಪಟ್ರಿ, ತಿನ್ರಮ್ಮಾ” ಅಂದರು. ನಾನು ತಿಂದೆ. ಸಭಿಕರೇ, ಬಟ್ಟಲು ಖಾಲಿಯಾಗುವವರೆಗೆ ತಿಂದೆ.

ಅಂದಿನಿಂದ ಒಂದು ಬಾಯಿಯನ್ನೂ ಒರೆಸದೆ ಬಿಟ್ಟಿಲ್ಲ. ಅದನ್ನೇ ನೀವು ನಿಷ್ಠೆ ಎಂದು ಕರೆದಿರಿ.

ಹೋದ ವಾರ ಮಬ್ರೂಕಾ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ, ಬೈದಿದ್ದರೆ ಹಗುರವಾಗುತ್ತಿತ್ತು. ಆಕೆ ಹೇಳಿದ್ದು ಇಷ್ಟೇ.

“ಪುರುಸೊತ್ತಿಲ್ಲ ಅಂತ ಒಂದ್ ಮಾತು ಹೇಳಿದ್ರೆ ನಾನೇ ಒರೆಸ್ತಿದ್ನಲ್ಲೇ. ಸುಮ್ನೆ ಕೂತಿದ್ದೆ ನಾನು, ಎರಡೂ ಕೈ ಮಡಿಲಲ್ಲಿಟ್ಕೊಂಡು.”

ಕ್ಷಮಿಸಿದೆ ಎನ್ನಲಿಲ್ಲ. ಎದ್ದು ಬಾಗಿಲು ತೆರೆದು ನಿಂತರು. ನಾನು ಹೊರಟು ಬಂದೆ.

ಅಧ್ಯಕ್ಷರೇ, ನಮ್ಮ ಪಟ್ಟಿಯಲ್ಲಿ ‘ಮಾಡಿದೆ’ ಎಂಬ ಒಂದೇ ಕಲಂ ಇದೆ. ಪಕ್ಕದಲ್ಲಿ ‘ಆಗಲಿಲ್ಲ’ ಎಂದೊಂದು ಸೇರಿಸಿ. ಹಾಗೆ ಬರೆದ ದಾದಿಯನ್ನು ಬೈಯಬೇಡಿ. ಅವಳ ಜೊತೆಗೆ ಇನ್ನೊಬ್ಬಳನ್ನು ಕಳಿಸಿ. ನನ್ನಂಥವಳಿಂದ ಇಷ್ಟಾದರೂ ಕಲಿಯಿರಿ.

ನೀವು ಕೊಟ್ಟ ಈ ಸನ್ಮಾನ ಫಲಕವನ್ನು ಮೇಜಿನ ಮೇಲೆಯೇ ಬಿಟ್ಟು ಹೋಗುತ್ತೇನೆ, ತಪ್ಪು ತಿಳಿಯಬೇಡಿ. ಎದ್ದುಹೋಗದೆ ಕೇಳಿದಿರಿ, ಅದಕ್ಕೆ ಕೃತಜ್ಞಳು. ನಮಸ್ಕಾರ.