ಪಕ್ಕದ ಸೀಟಿನ ಕೈ

ದೀಪ ಇನ್ನೊಂದಿಷ್ಟು ಸಣ್ಣ ಮಾಡಿ, ಹತ್ತಿರ ಬನ್ನಿ. ಇದು ಯಾರೋ ಎಲ್ಲೋ ಕೇಳಿದ್ದಲ್ಲ. ನಮ್ಮ ಹಿಂದಿನ ಬೀದಿಯ ಮಹಡಿ ಮನೆಯಲ್ಲಿ ಇಬ್ಬರು ವಾರಗಿತ್ತಿಯರಿದ್ದಾರಲ್ಲ, ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಕೆಲಸಕ್ಕೆ ಹೋಗುವವರು... ಅಣ್ಣನ ಹೆಂಡತಿ ದೊಡ್ಡವಳು, ತಮ್ಮನ ಹೆಂಡತಿ ಚಿಕ್ಕವಳು. ಅವರಲ್ಲಿ ದೊಡ್ಡವಳಿಗೆ ಆದದ್ದು.

ಅವತ್ತು ರಾತ್ರಿ ಒಂಬತ್ತೂವರೆ ದಾಟಿತ್ತು. ಪ್ರವಾಸದ ಬಸ್ಸು ದೊಡ್ಡವಳನ್ನು ಮುಖ್ಯರಸ್ತೆಯಲ್ಲಿ ಇಳಿಸಿ ಹೋಯಿತು. ಅಲ್ಲಿಂದ ಮನೆಗೆ ಕಾಲು ಗಂಟೆ ನಡಿಗೆ. ನಡುವೆ ಆ ಹಳೆಯ ಆಲದ ಮರ. ಬೀದಿದೀಪದ ಸಾಲು ಅದಕ್ಕೂ ಮುಂಚೆಯೇ ಮುಗಿದುಹೋಗುತ್ತದೆ. ಒಬ್ಬಳೇ ನಡೆಯುತ್ತಿದ್ದಳು. ಬೆಳಿಗ್ಗೆ ಹೋಗುವಾಗ ಇಬ್ಬರು ಹೋಗಿದ್ದರು.

ಮರ ಇನ್ನೂ ನೂರು ಹೆಜ್ಜೆ ಇರುವಾಗ ಮುಂದೆ ಕತ್ತಲಲ್ಲಿ ಚಪ್ಪಲಿ ಸದ್ದು. ಟಪ್... ಸರ್. ಟಪ್... ಸರ್. ಒಂದು ಕಾಲಿನ ಬಾರು ಸಡಿಲವಾಗಿ ಹಿಮ್ಮಡಿ ನೆಲಕ್ಕೆ ಎಳೆಯುವ ಸದ್ದು. ಅದರ ಪಕ್ಕದಲ್ಲೇ ಇನ್ನೊಂದು. ಬರಿಗಾಲಿನದು, ಒದ್ದೆ ಕಾಲಿನದು. ಪಚ್... ಪಚ್...

ಮೊದಲನೆಯದು ಚಿಕ್ಕವಳ ಚಪ್ಪಲಿ. ಅದು ಅಲ್ಲಿ ಕೇಳಿಸಲು ಸಾಧ್ಯವೇ ಇರಲಿಲ್ಲ. ಅವಳನ್ನು ಎಂಬತ್ತು ಕಿಲೋಮೀಟರ್ ಆಚೆ ಬಿಟ್ಟು ಬಂದವಳು ಈ ದೊಡ್ಡವಳೇ.

ಯಾಕೆ ಬಿಟ್ಟಳು ಅನ್ನುತ್ತೀರಾ? ಹೊಟ್ಟೆಕಿಚ್ಚು. ಬೇರೆ ಹೆಸರಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ.

ಲಾಂಡ್ರಿಯಲ್ಲಿ ಇಸ್ತ್ರಿ ಮೇಜಿನ ಮುಂದೆ ಹನ್ನೊಂದು ವರ್ಷ ನಿಂತವಳು ದೊಡ್ಡವಳು. ಮದುವೆಯಾಗಿ ಬಂದ ಚಿಕ್ಕವಳನ್ನು ಕೈಹಿಡಿದು ಅಲ್ಲಿಗೆ ಸೇರಿಸಿದ್ದೂ ಅವಳೇ. ಮೂರನೇ ವರ್ಷಕ್ಕೆ ಚಿಕ್ಕವಳು ಮೇಲ್ವಿಚಾರಕಿಯಾದಳು. ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೊಂಬೇ ಹೆಚ್ಚು ಅನ್ನುವುದನ್ನು ಗಾದೆಯಾಗಿ ಕೇಳಿದರೆ ನಗು ಬರುತ್ತದೆ. ಆ ಕೊಂಬು ನಮ್ಮ ಮನೆಯಲ್ಲೇ ಊಟಕ್ಕೆ ಕೂತರೆ ಬರುವುದಿಲ್ಲ. ಆ ಹುಡುಗಿಯಲ್ಲಿ ಸೊಕ್ಕಿದ್ದಿದ್ದರೆ ದೊಡ್ಡವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಹುಡುಕಿದರೂ ಸೊಕ್ಕಿರಲಿಲ್ಲ. ಮೊದಲ ದಿನ ಕರೆದ ಹಾಗೇ “ಅಕ್ಕ, ನೀನು ಊಟ ಮಾಡಿದ್ಯಾ?” ಅನ್ನುತ್ತಿದ್ದಳು. ಉರಿಗೆ ಅದೊಂದು ತುಪ್ಪ.

ಹೀಗಿರುವಾಗ ಲಾಂಡ್ರಿಯವರೆಲ್ಲ ಸೇರಿ ಒಂದು ದಿನದ ಪ್ರವಾಸ ಗೊತ್ತುಮಾಡಿದರು. ಬಸ್ಸು, ಗೈಡು, ನಾಲ್ಕು ಜಾಗ. ದೊಡ್ಡವಳು ಮುದ್ರಿಸಿದ ಕಾಗದವನ್ನು ವಾರವಿಡೀ ಓದಿದಳು. ಗುಡ್ಡದ ತೋಟಕ್ಕೆ ಐವತ್ತು ನಿಮಿಷ. ಹಳೆಯ ಬಂಗಲೆಗೆ ಒಂದು ಗಂಟೆ. ಕೆರೆಯ ದೋಣಿಗೆ ಮುಕ್ಕಾಲು. ಕೊನೆಗೆ ಮೆಟ್ಟಿಲ ಬಾವಿ, ಹದಿನೈದು ನಿಮಿಷ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಹಾಗೆ ಆಗಬಾರದು ಅಂತ ಅವಳ ಲೆಕ್ಕಾಚಾರ. ಬುತ್ತಿ ಬಸ್ಸಿನೊಳಗೇ ತಿಂದು ಮುಗಿಸಬೇಕು. ಇಳಿದ ಕೂಡಲೇ ಎಲ್ಲಕ್ಕಿಂತ ದೂರದ ತುದಿಗೆ ಹೋಗಿ ಅಲ್ಲಿಂದ ಹಿಂದಕ್ಕೆ ನೋಡುತ್ತಾ ಬರಬೇಕು. ಗೈಡಿನ ಬೆನ್ನು ಬಿಡಬಾರದು.

ಅಷ್ಟೂ ಮಾಡಿದಳು ಪಾಪ. ತೋಟದಲ್ಲಿ ಏದುಸಿರು ಬಿಡುತ್ತಾ ತುದಿ ಮುಟ್ಟಿದರೆ ಅಲ್ಲಿ ಬೇಲಿ, ಬೇಲಿಯಾಚೆ ಗೊಬ್ಬರದ ಗುಂಡಿ. ಚಿಕ್ಕವಳು ಗೇಟಿನ ಹತ್ತಿರವೇ ಮಾಲಿಯ ಜೊತೆ ಹರಟುತ್ತಾ ನಿಂತಿದ್ದಳು. ಅವನು ಮುಚ್ಚಿಟ್ಟ ಗಾಜಿನ ಮನೆ ತೆಗೆದು ತೋರಿಸಿದ. ಬಂಗಲೆಯಲ್ಲಿ ಗೈಡು ಮಹಡಿಯ ಬೀಗದ ಕೈಯನ್ನೇ ಅವಳ ಕೈಗೆ ಕೊಟ್ಟ. ಕೆರೆಯಲ್ಲಿ ಅವಳಿದ್ದ ದೋಣಿಗೆ ಇನ್ನೊಂದು ಸುತ್ತು. ಪ್ರತಿ ಸಲವೂ “ಅಕ್ಕ, ನಿನ್ನ ಹುಡುಕಿದೆ, ಎಲ್ಲಿ ಹೋಗಿದ್ದೆ?” ಅಂತ ಓಡಿಬರುತ್ತಿದ್ದಳು. ಆ ಮುಖ ನೋಡಿದರೆ ದೊಡ್ಡವಳಿಗೆ ಕಪಾಳಕ್ಕೆ ಬಾರಿಸಬೇಕು ಅನ್ನಿಸುತ್ತಿತ್ತು. ಇಡೀ ಬಸ್ಸಿಗೆ ಸಿಕ್ಕ ದಿನವನ್ನು ಅವಳೊಬ್ಬಳೇ ತಿಂದಳು ಅನ್ನಿಸಿತು.

ಆ ಗೈಡಿನದು ಒಂದು ಪದ್ಧತಿ. ಕೊರಳಲ್ಲಿ ಸೀಟಿ ನೇತುಹಾಕಿಕೊಂಡಿದ್ದಕ್ಕೆ ಎಲ್ಲರೂ ಅವನನ್ನು ಪೀಪಿ ಅನ್ನುತ್ತಿದ್ದರು. ಪೀಪಿ ತಲೆ ಎಣಿಸುತ್ತಿರಲಿಲ್ಲ.

“ತಲೆ ಎಣಿಸಿದ್ರೆ ಒಬ್ರು ಬಗ್ಗಿರ್ತಾರೆ, ಒಬ್ರು ಮಲಗಿರ್ತಾರೆ,” ಅಂದಿದ್ದ ಬೆಳಿಗ್ಗೆ. “ಸೀಟಿ ಊದಿದ್ ತಕ್ಷಣ ನಿಮ್ಮ ಪಕ್ಕದವರ ಕೈ ಹಿಡಿದು ಮೇಲೆತ್ತಿ. ಎತ್ತೋಕೆ ಕೈ ಸಿಗ್ಲಿಲ್ಲ ಅಂದ್ರೆ ಬಾಯಿ ಮಾಡಿ. ಅಷ್ಟೇ.”

ಮೂರು ಜಾಗದಲ್ಲೂ ಹಾಗೇ ನಡೆಯಿತು. ಚಿಕ್ಕವಳಿಗೆ ಕಿಟಕಿ, ಪಕ್ಕದಲ್ಲಿ ದೊಡ್ಡವಳು. ಪೀಪಿ ಊದುವನು, ಇಬ್ಬರೂ ಒಬ್ಬರ ಕೈ ಒಬ್ಬರು ಎತ್ತುವರು, ಬಸ್ಸು ಹೊರಡುವುದು.

ಬಾವಿಗೆ ಬರುವಾಗ ಮಬ್ಬು ಕತ್ತಲೆ. ಸುತ್ತ ಬಯಲು, ಒಂದು ಮನೆಯಿಲ್ಲ. ಪೀಪಿಗೂ ದಣಿವಾಗಿತ್ತು. “ಈ ಬಾವಿ ಬಗ್ಗೆ ನನಗೇನೂ ಗೊತ್ತಿಲ್ಲ. ನೋಡ್ಕೊಂಡು ಬೇಗ ಬನ್ನಿ, ಪೂರ್ತಿ ಕೆಳಗಿಳೀಬೇಡಿ,” ಅಂದ. ಗೊತ್ತಿಲ್ಲದ ಮೇಲೆ ಗೈಡು ಯಾಕೆ ಅಂತ ದೊಡ್ಡವಳು ಗೊಣಗಿಕೊಂಡಳು. ಚಿಕ್ಕವಳು ತನ್ನ ಫೋನನ್ನು ಅವಳ ಚೀಲದಲ್ಲಿ ಹಾಕಿ ಸರಸರನೆ ಇಳಿದುಹೋದಳು. ಟಪ್... ಸರ್. ಟಪ್... ಸರ್. ಅಷ್ಟು ಆಳದಿಂದ ದನಿ ಬಂತು.

“ಅಕ್ಕ... ಬಾ. ಇಲ್ಲಿ ಎಷ್ಟು ತಂಪಾಗಿದೆ ಗೊತ್ತಾ?”

ದೊಡ್ಡವಳು ಎರಡು ಮೆಟ್ಟಿಲು ಇಳಿದಳು. ನಿಂತಳು. ಮೇಲೆ ಪೀಪಿ ಸೀಟಿ ಊದಿದ.

ಕೆಳಗೆ ಕೇಳಿಸಿರಲಿಕ್ಕಿಲ್ಲ. ಒಂದು ಸಲ ಕೂಗಿದ್ದರೆ ಸಾಕಿತ್ತು. ದೊಡ್ಡವಳು ಕೂಗಲಿಲ್ಲ. ಹತ್ತಿ ಬಂದು ಬಸ್ಸಿನಲ್ಲಿ ಕೂತಳು. ಬಿಟ್ಟುಹೋಗಲಿ... ಅರ್ಧ ಗಂಟೆ ಕತ್ತಲಲ್ಲಿ ನಿಲ್ಲಲಿ... ಆಮೇಲೆ ಬಸ್ಸು ತಿರುಗಿಸಿಕೊಂಡು ಬರಬೇಕು, ಎಲ್ಲರೂ ಉಗಿಯಬೇಕು, ಮೇಲ್ವಿಚಾರಕಿಗೇ ಒಬ್ಬ ಮೇಲ್ವಿಚಾರಕಿ ಬೇಕು ಅಂತ ನಾಲ್ಕು ಜನ ಆಡಿಕೊಳ್ಳಬೇಕು. ಇಷ್ಟೇ ಅವಳ ಮನಸ್ಸಿನಲ್ಲಿದ್ದದ್ದು ಅಂತ ಅವಳು ಹೇಳುತ್ತಾಳೆ. ನಾನೂ ನಂಬುತ್ತೇನೆ.

ಬಸ್ಸಿನೊಳಗೆ ದೀಪ ಹಾಕಿರಲಿಲ್ಲ. ಪೀಪಿ ಮುಂದೆ ನಿಂತು ಅಂದ, “ಹೂಂ, ಕೈ ಎತ್ತಿ.”

ತನ್ನ ಎರಡೂ ಕೈ ತಾನೇ ಎತ್ತಿಬಿಡುವುದು, ಕತ್ತಲಲ್ಲಿ ಯಾರಿಗೆ ಗೊತ್ತಾಗುತ್ತದೆ ಅಂತ ಅವಳ ಉಪಾಯ. ಬಲಗೈ ಎತ್ತಿದಳು. ಎಡಗೈ ಎತ್ತಲು ಹೋದಳು...

ಆ ಕೈಯೊಳಗೆ ಒಂದು ಕೈ ಬಂತು.

ತಣ್ಣಗಿತ್ತು. ಒದ್ದೆಯಾಗಿತ್ತು. ಗಂಟೆಗಟ್ಟಲೆ ನೀರಿನಲ್ಲಿ ಬಟ್ಟೆ ಹಿಂಡಿದವರ ಬೆರಳು ನೆರಿಗೆ ಬಿದ್ದಿರುತ್ತವಲ್ಲ, ಹಾಗೆ. ಅವಳ ಕೈಯ ಜೊತೆ ತಾನಾಗಿಯೇ ಮೇಲೆದ್ದಿತು.

“ಸರಿ. ರೈಟ್,” ಅಂದ ಪೀಪಿ.

ಬಸ್ಸು ತಿರುಗಿತು. ತಿರುಗುವಾಗ ಹೆಡ್‌ಲೈಟು ಬಾವಿಯ ಕಡೆ ಬಿತ್ತು. ಕಟ್ಟೆಯ ಹತ್ತಿರ ಚಿಕ್ಕವಳು. ಒಂದು ಕೈಯಲ್ಲಿ ಸೆರಗು ಹಿಡಿದು ಇನ್ನೊಂದು ಕೈ ಬೀಸುತ್ತಾ ಓಡಿ ಬರುತ್ತಿದ್ದಾಳೆ. ಬಾಯಿ ತೆರೆದಿದೆ. ಎಂಜಿನ್ ಸದ್ದಿನಲ್ಲಿ ದನಿ ಕೇಳಿಸಲಿಲ್ಲ. ದೊಡ್ಡವಳೊಬ್ಬಳೇ ನೋಡಿದಳು. ಹೆದರಿ ಬಾಯಿ ಕಟ್ಟಿತು ಅಂತ ಮೊದಮೊದಲು ತನಗೆ ತಾನೇ ಹೇಳಿಕೊಂಡಳು. ನನ್ನ ಹೆಂಡತಿಯ ಹತ್ತಿರ ಮಾತ್ರ ಒಂದು ದಿನ ನಿಜ ಹೇಳಿದ್ದಾಳೆ. ಆ ಕ್ಷಣ ಅವಳಿಗೆ ಖುಷಿಯಾಯಿತಂತೆ. ಪಕ್ಕದಲ್ಲಿ ಏನು ಕೂತಿದೆ ಅಂತ ಗೊತ್ತಿಲ್ಲ, ಕೈ ಇನ್ನೂ ಅದರ ಕೈಯಲ್ಲಿದೆ, ಆದರೂ ಖುಷಿ.

ಎರಡು ತಿರುವು ದಾಟಿದ ಮೇಲೆ ಡ್ರೈವರು ದೀಪ ಹಾಕಿದ. ಪಕ್ಕದ ಸೀಟು ಖಾಲಿ. ಸೀಟಿನ ಬಟ್ಟೆ ಕೂತಷ್ಟು ಅಗಲಕ್ಕೆ ನೆನೆದಿತ್ತು.

ಆಗಲಾದರೂ ಹೇಳಬಹುದಿತ್ತು. ಆದರೆ ಏನಂತ ಹೇಳುವುದು? ಹಾಗಾದರೆ ಯಾರ ಕೈ ಎತ್ತಿದೆ ಅಂತ ಕೇಳಿದರೆ? ಹಿಂದಿನ ಸೀಟಿನಿಂದ ಒಬ್ಬಳು, “ಎಲ್ಲಿ ನಿಮ್ಮ ಚಿಕ್ಕವಳು, ಸದ್ದೇ ಇಲ್ಲ?” ಅಂದಳು. “ಹಿಂದೆ ಮಲಗಿದ್ದಾಳೆ,” ಅಂತ ಬಾಯಿ ತಾನೇ ಹೇಳಿತು. ಹಿಂದಿನವರು ಮುಂದಿದ್ದಾಳೆ ಅಂದುಕೊಂಡರು, ಮುಂದಿನವರು ಹಿಂದಿದ್ದಾಳೆ ಅಂದುಕೊಂಡರು. ಮೊದಲ ಹತ್ತು ನಿಮಿಷ ನಾಚಿಕೆ. ಆಮೇಲೆ ಪ್ರತಿ ಕಿಲೋಮೀಟರಿಗೂ ತಪ್ಪು ದೊಡ್ಡದಾಗುತ್ತಾ ಹೋಯಿತು, ಬಾಯಿ ಸಣ್ಣದಾಗುತ್ತಾ ಹೋಯಿತು. ಹಾಗೇ ಊರು ಬಂತು.

ಮೈದುನನಿಗೆ ಏನು ಹೇಳಲಿ... ಏನು ಹೇಳಲಿ... ಅಂತ ಅಂದುಕೊಂಡೇ ಅವಳು ಆಲದ ಮರದ ಕಡೆ ನಡೆಯುತ್ತಿದ್ದದ್ದು. ಆಗಲೇ ಆ ಸದ್ದು.

ಟಪ್... ಸರ್. ಪಚ್... ಪಚ್...

ಮರದ ಕೆಳಗೆ ಎರಡು ನೆರಳು. ಕೈ ಕೈ ಹಿಡಿದು ನಡೆಯುತ್ತಿದ್ದವು. ಪಿಸುಮಾತು. ಒಂದು ದನಿ ಚಿಕ್ಕವಳದು. ಇನ್ನೊಂದು... ಇನ್ನೊಂದು ದೊಡ್ಡವಳದೇ. ಅವಳ ದನಿ, ಅವಳ ಗಂಟಲಿನ ಆ ಸಣ್ಣ ಗೊರಗೊರ ಸಮೇತ.

“ನಿನ್ನ ಮೇಲ್ವಿಚಾರಕಿ ಮಾಡಿದ್ರಲ್ಲ,” ಅನ್ನುತ್ತಿತ್ತು ಆ ದನಿ, “ಅವತ್ತು ನನಗೆ ಎಷ್ಟು ಹೆಮ್ಮೆ ಆಯ್ತು ಗೊತ್ತಾ? ಹೇಳೋಕೆ ಬಾಯಿ ಬರ್ಲಿಲ್ಲ ಅಷ್ಟೇ.”

“ನೀನು ಮಾತೇ ಆಡ್ತಿರ್ಲಿಲ್ಲ ಅಕ್ಕ. ನಾನೇನೋ ತಪ್ಪು ಮಾಡಿದೀನಿ ಅಂದ್ಕೊಂಡಿದ್ದೆ.”

“ನಿಂದೇನೂ ತಪ್ಪಿಲ್ಲ ಮಗಾ.”

ಚಿಕ್ಕವಳು ಬಿಕ್ಕಿದ್ದು ಕೇಳಿಸಿತು. ಆಮೇಲೆ ನಕ್ಕದ್ದೂ.

ನೀವಾದರೆ ಏನು ಮಾಡುತ್ತಿದ್ದಿರಿ? ಕಿರುಚುತ್ತಿದ್ದಿರಿ, ಓಡುತ್ತಿದ್ದಿರಿ. ದೊಡ್ಡವಳಿಗೆ ಹೆದರಿಕೆಗಿಂತ ಮುಂಚೆ ಬಂದದ್ದು ಅದೇ ಹಳೆಯ ಉರಿ. ನನ್ನ ದನಿಯಲ್ಲಿ ನನಗೆ ಬಾರದ ಮಾತು ಇದಕ್ಕೆ ಹೇಗೆ ಬರುತ್ತದೆ? ನನ್ನ ವಾರಗಿತ್ತಿಯ ಕೈ ಹಿಡಿಯಲು ಇದು ಯಾರು?

ಅವಳು ಮನೆ ಮುಟ್ಟುವ ಹೊತ್ತಿಗೆ ಚಿಕ್ಕವಳು ಒಬ್ಬಳೇ ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದಳು. ಗಾಯವಿಲ್ಲ, ದಣಿವಿಲ್ಲ.

“ಈಗ ತಾನೆ ಕೈ ಬಿಟ್ಟೆ, ಅಷ್ಟರಲ್ಲಿ ಹಿಂದೆ ಹೇಗೆ ಉಳಿದೆ ಅಕ್ಕ?” ಅಂದಳು. ಆಮೇಲೆ ತಗ್ಗಿದ ದನಿಯಲ್ಲಿ, “ಬಸ್ಸು ಹೋಗೇಬಿಡ್ತು ಅಂತ ನಾನು ಅಳ್ತಾ ಇದ್ದೆ. ನೀನು ನನಗೋಸ್ಕರ ಇಳಿದು ನಿಂತಿದ್ದೆ. ದಾರಿ ಸವೆದದ್ದೇ ಗೊತ್ತಾಗ್ಲಿಲ್ಲ.”

ಎಂಬತ್ತು ಕಿಲೋಮೀಟರ್. ಎರಡು ಗಂಟೆಯಲ್ಲಿ. ನಡೆದುಕೊಂಡು.

ನಾನಲ್ಲ ಅಂತ ಹೇಳಲು ಅದೇ ಸಮಯ. ದೊಡ್ಡವಳು ಬಾಯಿ ತೆರೆದಳು. “ಹೂಂ. ನಿನ್ನ ಬಿಟ್ಟು ಬರೋಕಾಗುತ್ತಾ?” ಅಂದಳು.

ಒಂದು ವಾರ ಅವಳ ಬಾಳು ಸ್ವರ್ಗ. ಚಿಕ್ಕವಳು ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದಳು, ಅಕ್ಕನಂಥ ಅಕ್ಕ ಇಲ್ಲ ಅಂತ. ದೊಡ್ಡವಳು ಬಸ್ಸಿನಲ್ಲೇ ಬಂದಳಲ್ಲ ಅಂದ ಲಾಂಡ್ರಿಯವರನ್ನು ಯಾರೂ ನಂಬಲಿಲ್ಲ. ರಾತ್ರಿ ಪಾತ್ರೆ ತೊಳೆಯುವಾಗ ಚಿಕ್ಕವಳು ಪಕ್ಕಕ್ಕೆ ಬಂದು ನಿಲ್ಲುವಳು. “ಅಕ್ಕ, ಅವತ್ತು ದಾರೀಲಿ ಹೇಳಿದ್ಯಲ್ಲ, ಅದನ್ನ ಇನ್ನೊಂದ್ಸಲ ಹೇಳು.” ದೊಡ್ಡವಳು ಪ್ರಯತ್ನಪಟ್ಟಳು. ಕದ್ದ ಸೀರೆ ಉಟ್ಟ ಹಾಗೆ, ಆ ಮಾತು ಅವಳ ಮೈಗೆ ಕೂರಲಿಲ್ಲ. ಬಾಯಿಗೆ ಬಂದದ್ದು, “ಸೋಪು ಆ ಕಡೆ ಸರಿಸು.”

ಚಿಕ್ಕವಳು ಅವಳ ಮುಖವನ್ನು ತುಂಬ ಹೊತ್ತು ನೋಡಿದಳು. ಮಾರನೆಯ ದಿನದಿಂದ ಕೆಲಸ ಮುಗಿಸಿ ತಡವಾಗಿ ಬರತೊಡಗಿದಳು. ಆಲದ ಮರದ ಕಡೆಯಿಂದ ಇಬ್ಬರ ನಗು ಕೇಳಿಸುತ್ತಿತ್ತು. ಒಂದು ದಿನ ದೊಡ್ಡವಳು ಬಾಗಿಲಲ್ಲೇ ತಡೆದು ಕೇಳಿದಳು.

“ಯಾರ ಜೊತೆ ಮಾತಾಡ್ತಿದ್ದೆ?”

“ಅಕ್ಕನ ಜೊತೆ,” ಅಂದಳು ಚಿಕ್ಕವಳು. ದನಿಯಲ್ಲಿ ಕೋಪವಿಲ್ಲ. “ದಾರಿ ಬಿಡ್ತೀರಾ? ಒಳಗೆ ಹೋಗ್ಬೇಕು.”

ನೀನು ಹೋಗಿ ನೀವು ಆಗಿತ್ತು. ದೊಡ್ಡವಳು ಪಕ್ಕಕ್ಕೆ ಸರಿದಳು. ಆ ರಾತ್ರಿ ಅವಳು ಅತ್ತದ್ದನ್ನು ನನ್ನ ಹೆಂಡತಿ ಕೇಳಿದ್ದಾಳೆ.

ಮುಂದಿನ ತಿಂಗಳು ಲಾಂಡ್ರಿಯವರು ಮತ್ತೆ ಹೊರಟರು. ಚಿಕ್ಕವಳು ಎರಡು ಸೀಟು ಹೇಳಿದಳು. ದೊಡ್ಡವಳು ಎಲ್ಲ ಸರಿಮಾಡಿಕೊಳ್ಳಲು ಇದೇ ಸಮಯ ಅಂತ ಬೆಳಿಗ್ಗೆ ಐದಕ್ಕೇ ಎದ್ದು, ತಲೆ ಬಾಚಿ, ಬುತ್ತಿ ಕಟ್ಟಿ, ಚೀಲ ಹೆಗಲಿಗೆ ಹಾಕಿಕೊಂಡು ನಿಂತಳು. ಚಿಕ್ಕವಳು ಚಪ್ಪಲಿ ಮೆಟ್ಟುತ್ತಾ ಅಂದಳು, “ಆ ಸೀಟು ನಿಮಗಲ್ಲ.”

ನಾನು ಅವತ್ತು ಹಾಲಿಗೆ ಅಂತ ಮುಖ್ಯರಸ್ತೆಗೆ ಹೋಗಿದ್ದೆ, ಸುಳ್ಳಾಡಿದರೆ ನನ್ನ ನಾಲಿಗೆ ಬಿದ್ದುಹೋಗಲಿ. ಬಸ್ಸು ನನ್ನ ಮುಂದೆಯೇ ಹೊರಟಿತು. ಚಿಕ್ಕವಳು ಕಿಟಕಿಯ ಸೀಟು ಖಾಲಿ ಬಿಟ್ಟು ಈಚೆಯದರಲ್ಲಿ ಕೂತಿದ್ದಳು. ಎರಡೂ ಕೈ ಮಡಿಲಲ್ಲಿದ್ದವು. ಚಳಿಗಾಳಿ ಬೀಸಿತು... ಕಿಟಕಿಯ ಗಾಜು ಒಳಗಿನಿಂದ ಮೆಲ್ಲಗೆ ಸರಿದು ಮುಚ್ಚಿಕೊಂಡಿತು.