ಕಲ್ಲಮ್ಮ ಹೇಳದೆ ಉಳಿಸಿದ್ದು

1984ರ ಸಂಕ್ರಾಂತಿ ಕಳೆದ ವಾರ. ತುಮಕೂರು ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ನನ್ನ ಪಕ್ಕ ಅಕ್ಕತಂಗಿಯರಿಬ್ಬರು ಕೂತಿದ್ದರು. ಅಕ್ಕ ಕಲ್ಲಮ್ಮನ ಎದೆಯಲ್ಲಿದ್ದ ಗಂಟನ್ನು ಡಾಕ್ಟರಿಗೆ ತೋರಿಸಿ ಬಂದಿದ್ದರು.

“ಇವತ್ತೇ ಬೆಂಗ್ಳೂರಿಗೆ ಹೋಗಿ ಅಂದ್ರಲ್ಲಕ್ಕಾ, ಹೊರಡು.”

“ಅವ್ವಂಗೂ ಹಿಂಗೇ ಅಂದಿದ್ರು. ಎದೆ ಪೂರ್ತಿ ಕೊಯ್ದು, ಕಂಕುಳವರೆಗೂ ಕೆರೆದು ಕಳಿಸಿದ್ರು. ಯಾರಿಗೂ ಮುಖ ತೋರಿಸದೆ ಎರಡು ವರ್ಷ ಒಳಗೇ ಇದ್ಲು. ಹಂಗೇ ಹೋದ್ಲು.”

“ಅದು ಆಗಿನ ಕಾಲ ಕಣಕ್ಕಾ. ಈಗ ಅಷ್ಟೆಲ್ಲಾ ಕೊಯ್ಯಲ್ವಂತೆ. ಆಪರೇಷನ್ ಆದ್ಮೇಲೆ ಗಂಟಿನ ಬೇರು ಸುಡೋಕೆ ಕರೆಂಟು ಕೊಡ್ತಾರಂತೆ, ಮಾತ್ರೆನೂ ಬಂದಿದ್ಯಂತೆ. ಬೇಗ ಬಂದವ್ರು ಬದುಕ್ತಾವ್ರೆ ಅಂತ ಡಾಕ್ಟ್ರೇ ಅಂದ್ರಲ್ಲ.”

“ಬೇಗ ಬಂದವ್ರು.”

“ನೀನು ಕಂಡಿದ್ದು ಹೋದ ತಿಂಗ್ಳು ತಾನೆ? ಡಾಕ್ಟ್ರಿಗೂ ನೀನು ಹಂಗೇ ಹೇಳ್ದಲ್ಲ.”

ಕಲ್ಲಮ್ಮ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

“ಗೌರಿಹಬ್ಬದಲ್ಲೇ ಕಂಡಿದ್ದೆ ಕಣೇ.”

“ಹೋದ ಗೌರಿಹಬ್ಬಾನಾ?”

“ಅದ್ರ ಹಿಂದಿಂದು.”

ಚೇಳೂರಿನ ಬಸ್ಸು ಬಂತು. ಕಲ್ಲಮ್ಮ ಎದ್ದು ತಮ್ಮೂರಿಗೆ ಹೋಗುವ ಆ ಬಸ್ಸಿನತ್ತ ನಡೆದಳು. ತಂಗಿ ಓಡಿಹೋಗಿ ಅವಳ ತೋಳು ಹಿಡಿದು, ಬೆಂಗಳೂರು ಬಸ್ಸಿನ ಕಡೆಗೆ ತಿರುಗಿಸಿದಳು.

“ಅಯ್ಯೋ, ಆ ಕೈ ಬುಡೇ,” ಅಂದಳು ಕಲ್ಲಮ್ಮ. “ಕಂಕುಳಲ್ಲೂ ಗಂಟಾಗಿ ನೋಯ್ತದೆ.”

ತಂಗಿ ಈಚೆ ಬಂದು ಇನ್ನೊಂದು ಕೈ ಹಿಡಿದುಕೊಂಡಳು. ಇಬ್ಬರೂ ಬೆಂಗಳೂರು ಬಸ್ಸು ಹತ್ತಿದರು.